ಒಂದು ಸ್ಟಾರಿನ ಗೆಳತಿ

ಮಗಳನ್ನು ನೋಡಲು ಗಂಡಿನವರು ಬರುವ ಹೊತ್ತಿಗೆ ನೀಲಗಂಗಾ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದುಕೊಂಡಳು. ಲಕ್ವಾ ಹೊಡೆದ ಮೇಲೆ ಮಾತಿನ ನಡುವೆ ಅವಳಿಗೆ ಪದಗಳು ಮರೆತುಹೋಗುತ್ತಿದ್ದವು. ಕಿವಿಗೆ ಹಾಕಿಸಿಕೊಂಡಿದ್ದ ಪುಟ್ಟ ಯಂತ್ರದೊಳಗಿನ 'ಗೆಳತಿ' ಎಂಬ ಆ್ಯಪ್ ಅವನ್ನು ಪಿಸುಗುಟ್ಟುತ್ತಿತ್ತು. ಮಗಳ ಹೆಸರನ್ನೂ ಅದೇ ತಿರುಗಿ ಕಲಿಸಿತ್ತು. ಆದರೆ 'ಬರೀ ಹಳ್ಳಿ ಭಾಷೆ' ಎಂದು ಜನ ಅದಕ್ಕೆ ಒಂದೊಂದೇ ಸ್ಟಾರ್ ಕೊಟ್ಟಿದ್ದರು. ಹಾಗಾಗಿ, ಹೆಸರು ಕೆಟ್ಟ ಎಲ್ಲ ಆ್ಯಪ್‌ಗಳಂತೆ, ಅದರ ದೀಪವೂ ಅವಳ ಕಿವಿಯ ಹಿಂದೆ ಕೆಂಪಗೆ ಉರಿಯುತ್ತಿತ್ತು.

ಶಿರಾ ಬಡಿಸಲು ಬಗ್ಗಿದಾಗ ಸೆರಗು ಜಾರಿತು.

ಹುಡುಗನ ತಾಯಿಯ ಕಿವಿಯ ಹಿಂದೆ ಹಸಿರು ದೀಪವಿತ್ತು. "ಇದನ್ನ ಇನ್ನೂ ಇಟ್ಕೊಂಡೀರೇನ್ರಿ? ಭಾಳ ಕೆಟ್ಟದಂತ. ನಾ ಏನ್ ಹಾಕ್ಕೊಂಡು ನೋಡಿಲ್ಲ ಬಿಡ್ರಿ, ಎಲ್ಲಾರೂ ಬರ್ದಿದ್ದು ಓದೀನಿ."

ಮಗಳು ತಲೆ ತಗ್ಗಿಸಿದಳು. ಅದನ್ನು ಕಂಡು ನೀಲಗಂಗಾಳಿಗೆ ಮುಖ ಎತ್ತಲಾಗಲಿಲ್ಲ.

"ನನಗೂ ಇದು ಸೇರೂದಿಲ್ರಿ," ಎಂದಳು. "ನಾಳೇನ ಇದನ್ನ..."

ಮುಂದಿನ ಪದ ಹೊಳೆಯಲಿಲ್ಲ. ಎಲ್ಲರೂ ತಟ್ಟೆ ಹಿಡಿದುಕೊಂಡು ಅವಳ ಬಾಯನ್ನೇ ನೋಡುತ್ತಿದ್ದರು.

ಕಿವಿಯೊಳಗೆ ಗೆಳತಿ ಎಂದಿನಂತೆ ಮೆಲ್ಲಗೆ ಹೇಳಿಕೊಟ್ಟಿತು: "ತಗಸ್ತೀನಿ. ತಗಸ್ತೀನಿ ಅನ್ನವ್ವಾ."

ನೀಲಗಂಗಾ ಹಾಗೆಯೇ ಅಂದಳು.