ಕುಜ ಕೂತ ಮನೆ

ಜಾತಕ ಬರೆಯುವ ಸಾಫ್ಟ್‌ವೇರ್ ಕುಜನನ್ನು ಒಂದು ಮನೆ ಆಚೆಗೆ ತೋರಿಸುತ್ತಿತ್ತು. ಆ ತಪ್ಪನ್ನು ತಿದ್ದುವ ಕೆಲಸ ಅವಳ ಪಾಲಿಗೆ ಬಂತು. ಮದುವೆಯಾದ ವರ್ಷಕ್ಕೇ ಗಂಡ ತೀರಿಕೊಂಡಾಗ, "ನಿನ್ನ ಕುಜದೋಷವೇ ನನ್ನ ಮಗನ್ನ ನುಂಗ್ತು" ಎಂದು ಅತ್ತೆ ಎದೆ ಬಡಿದುಕೊಂಡದ್ದು ಇದೇ ಸಾಫ್ಟ್‌ವೇರ್ ಬರೆದ ಜಾತಕವನ್ನು ನಂಬಿ.

ತಿದ್ದಿ ಮುಗಿಸಿದವಳು ಮೊದಲು ತನ್ನ ಜಾತಕವನ್ನೇ ಹಾಕಿ ನೋಡಿದಳು. ದೋಷವಿರಲಿಲ್ಲ. ಒಂಬತ್ತು ವರ್ಷದ ಅಳು ಒಮ್ಮೆಗೇ ಒತ್ತರಿಸಿ ಬಂತು. ಕಣ್ಣೊರೆಸಿಕೊಂಡು ಗಂಡನದನ್ನು ಹಾಕಿದಳು. ದೋಷ ಅಲ್ಲಿತ್ತು.

ಅತ್ತೆ ಕನ್ನಡಕ ಹಾಕಿಕೊಳ್ಳುತ್ತ ಒಳಗೆ ಬಂದರು.

"ಸರಿಯಾಯ್ತೇನೇ? ಏನಂತೆ ಈಗ? ನಾನು ಅವನನ್ನ ಹೆತ್ತ ಗಳಿಗೆ ಚಿನ್ನದಂಥದ್ದು ಅಂತ ಜೋಯಿಸರೇ ಹೇಳಿದ್ರು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಹೌದು ಅತ್ತೆ. ದೋಷ ನನ್ನದೇ."