ದೃಷ್ಟಿ

ಬೇರಿಕೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನಾಲ್ಕು ವರ್ಷದ ಹಂಸಾಳ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ.

"ದಿನಾ ಏನ್ ತಿನ್ನಿಸ್ತೀರಮ್ಮಾ?"

"ಹಾಲನ್ನ, ಮೊಸರನ್ನ ಡಾಕ್ಟ್ರೇ. ನಾವು ಮೊಟ್ಟೆ ಮುಟ್ಟಲ್ಲ," ಎಂದಳು ತಾಯಿ ಲಕ್ಷ್ಮೀಪ್ರಿಯಾ.

"ಮೊಟ್ಟೆ ಬೇಡ. ಸೊಪ್ಪು, ಕಾಳು, ರಾಗಿ?"

"ಉಗಿದ್ಬಿಡ್ತಾಳೆ. ಅಳಿಸೋದ್ಯಾಕೆ ಅಂತ ಬಿಟ್ಬಿಟ್ಟೆ."

"ಮೈಯಲ್ಲಿ ರಕ್ತಾನೇ ಇಲ್ಲ, ಹೃದಯ ಸೋಲ್ತಾ ಇದೆ. ಈಗ್ಲೇ ಹೊಸೂರಿಗೆ ಕರ್ಕೊಂಡ್ಹೋಗಿ, ರಕ್ತ ಹಾಕಿಸ್ಬೇಕು. ಮಗು ಇಷ್ಟು ಬಿಳಿಚ್ಕೊಂಡಿರೋದು ಯಾರಿಗೂ ಕಾಣ್ಲಿಲ್ವಾ?"

ಎಲ್ಲರಿಗೂ ಕಂಡಿತ್ತು. ಹೋದ ವಾರ ನಾಮಕರಣದ ಮನೆಯಲ್ಲಿ ನೆಂಟರೆಲ್ಲ ಮಗುವಿನ ಕೆನ್ನೆ ಸವರಿ, ಎಷ್ಟು ಬೆಳ್ಳಗಾಗಿದ್ದಾಳೆ ಎಂದು ಹೊಗಳಿದ್ದರು. ಮನೆಗೆ ಬಂದವಳೇ ಲಕ್ಷ್ಮೀಪ್ರಿಯಾ ಮಗಳಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದಳು.