ಕುಬ್ಬರ್ ದ್ವೀಪದ ಹತ್ತು ಆಮೆಗಳು

ಒಂಬತ್ತನೆಯದೂ ಮಾಯ.

ಫೆಲ್ಸಿ ದೋಣಿಯ ಅಂಚಿಗೆ ಗಲ್ಲ ಊರಿ ನೀರನ್ನು ದಿಟ್ಟಿಸಿದಳು. ಕುಬ್ಬರ್ ದ್ವೀಪದ ಸುತ್ತ ಕಡಲು ಗಾಜಿನಷ್ಟು ತಿಳಿ. ಹವಳದ ಸಂದಿಯಲ್ಲಿ ಹಸಿರು ಮೂತಿಯ ಮೀನುಗಳು ಮೇಯುತ್ತಿದ್ದವು. ತಳದ ಮರಳಿನಲ್ಲಿ ಒಂದು ತೊರಕೆ ಮೀನು ಹಾಸಿದ ಕರವಸ್ತ್ರದಂತೆ ಮಲಗಿತ್ತು. ಬೆನ್ನ ಮೇಲೆ ಬಿಳಿ ಅಂಕೆ ಹೊತ್ತ ಆಮೆ ಮಾತ್ರ ಒಂದೂ ಇಲ್ಲ. ಒಂಬತ್ತು ಶನಿವಾರ, ಒಂಬತ್ತು ಆಮೆ. ಒಂದೊಂದಕ್ಕೂ ಕೈಯಾರೆ ನಂಬರು ಬರೆದವಳು ಅವಳೇ. ನೀರಿಗೆ ಬಿಟ್ಟದ್ದು ಮತ್ತೆ ಕಣ್ಣಿಗೆ ಬಿದ್ದರೆ ಕೇಳಿ!

ತೊಂಬತ್ತರ ಜೂನ್ ತಿಂಗಳು. ಕೊಲ್ಲಿ ದೇಶದ ಶುವೈಖಿನ ಕಚೇರಿಯಲ್ಲಿ ಮ್ಯಾನೇಜರರು ಮೊದಲೇ ಹೇಳಿಬಿಟ್ಟಿದ್ದರು: "ಕುಬ್ಬರ್‌ನಲ್ಲಿ ಹತ್ತು ಆಮೆ ಇವೆ ಎಂದು ತೋರಿಸು. ಆ ದ್ವೀಪದ ಹತ್ತಿರ ಸ್ಪೀಡ್‌ಬೋಟು ಸುಳಿಯದಂತೆ ನಾನು ಮೇಲಕ್ಕೆ ಬರೆಯುತ್ತೇನೆ. ಇಲ್ಲದಿದ್ದರೆ ನಿನ್ನ ಸರ್ವೆ ಖಲಾಸ್." ಕಳೆದ ವಾರ ಇನ್ನೊಂದು ಮಾತು ಸೇರಿಸಿದರು: "ಬಿಟ್ಟವುಗಳಲ್ಲಿ ಒಂದೂ ಯಾಕೆ ಮತ್ತೆ ಸಿಗಲಿಲ್ಲ? ಯಾರೋ ತಿನ್ನುತ್ತಿದ್ದಾರೆ. ಯಾರೆಂದು ತಿಳಿದುಕೊಂಡು ಬಾ."

ದೋಣಿಯಲ್ಲಿ ಅವಳನ್ನು ಬಿಟ್ಟರೆ ಇಬ್ಬರೇ. ಎಂಜಿನ್ ನೋಡುವ ಉಳ್ಳಾಲದ ಸೈದು, ಆಮೆ ಹಿಡಿಯುವ ಮಲ್ಪೆಯ ಪುರಂದರ. ಸೈದು ದೋಣಿಯಿಂದ ಕಾಲು ಕೆಳಗಿಟ್ಟವನೇ ಅಲ್ಲ. ಉಳಿದವನು ಯಾರು, ಲೆಕ್ಕ ಹಾಕಬೇಕಾಗಿರಲಿಲ್ಲ.

ಪುರಂದರನ ಕೈಗುಣ ದೊಡ್ಡದು. ದೋಣಿಯ ಪಕ್ಕೆಗೆ ಎರಡು ಸಲ ತಟ್ಟಿ, ಬೊಂಡಾಸು ಮೀನಿನ ತುಂಡು ಎಸೆದರೆ ಸಾಕು, ಆಮೆ ತಾನಾಗಿ ತೇಲಿ ಬರುತ್ತಿತ್ತು. ವಾರಕ್ಕೊಂದು, ತಪ್ಪಿದ್ದಿಲ್ಲ. ಎತ್ತಿದರೆ ಒದೆಯುವುದಿಲ್ಲ, ಕಚ್ಚುವುದಿಲ್ಲ. ಅಳತೆ ಹಿಡಿದರೆ ಪ್ರತಿಯೊಂದೂ ಎರಡಡಿ ಮೂರಂಗುಲ. ಫೆಲ್ಸಿ ಹಿಗ್ಗಿ ವರದಿಯಲ್ಲಿ ಬರೆದಿದ್ದಳು: 'ಇಲ್ಲಿಯ ಆಮೆಗಳು ಬಲು ಸಾಧು. ಎಲ್ಲವೂ ಒಂದೇ ಪ್ರಾಯದವು. ಬಹುಶಃ ಅಕ್ಕತಂಗಿಯರು.'

ಆಮೇಲಿನದ್ದೇ ಅನುಮಾನ. ನಂಬರು ಬರೆದು ಮುಗಿಸುವುದೇ ತಡ, ಪುರಂದರ ಆಮೆಯನ್ನು ಮಗುವಿನಂತೆ ಅವುಚಿಕೊಂಡು ದ್ವೀಪದ ಆಚೆ ಬದಿಗೆ ನಡೆಯುತ್ತಿದ್ದ. "ಅಲ್ಲಿ ಅಲೆ ಕಡಿಮೆ, ನಾನೇ ಬಿಟ್ಟು ಬರ್ತೇನೆ." ಬರುವಾಗ ಅರ್ಧ ಗಂಟೆ. ಅಂಗೈ ಮಿರಮಿರ, ಮೈಯೆಲ್ಲ ತೆಂಗಿನೆಣ್ಣೆಯ ಘಮ.

ಇವತ್ತು ಬೆಳಿಗ್ಗೆ ಸಾಲ್ಮಿಯಾದ ದಡದಲ್ಲಿ ದೋಣಿ ಹತ್ತುವಾಗ ಅವನ ಚೀಲ ಜಾರಿ ಬಿದ್ದಿತ್ತು. ಒಳಗೆ ಎಣ್ಣೆಯ ಬಾಟಲಿ, ಒಂದು ಬಟ್ಟೆ, ಕಾಗದದ ಪೊಟ್ಟಣದಲ್ಲಿ ಕೆಂಪು ಪುಡಿ. ಬುತ್ತಿ ಬೇರೆಯೇ ಇತ್ತು. ತೆಂಗಿನೆಣ್ಣೆಯಲ್ಲಿ ಮೀನು ಹುರಿಯುವ ಊರಿನವಳೇ ಫೆಲ್ಸಿ ಕೂಡ. ಅವಳಿಗೆ ಇನ್ನೇನು ಹೇಳಬೇಕು?

ಹತ್ತನೆಯ ಆಮೆಯೂ ತಟ್ಟಿದ್ದಕ್ಕೆ ಓಗೊಟ್ಟು ಬಂತು. ಫೆಲ್ಸಿ ಅದರ ಬೆನ್ನಿನ ಮೇಲೆ '೧೦' ಎಂದು ಬರೆದಳು. ಪುಸ್ತಕದಲ್ಲೂ ಶಾಯಿಯಲ್ಲಿ ಬರೆದಳು. ಪುರಂದರ ಚೀಲ ಹೆಗಲಿಗೇರಿಸಿದ.

"ಪುರಂದರಣ್ಣ, ಇವತ್ತು ನಾನೂ ಬರ್ತೇನೆ."

"ಬೇಡ ಫೆಲ್ಸಿಬಾಯಿ. ಕಡಲಹಕ್ಕಿಗಳು ಮೊಟ್ಟೆ ಇಟ್ಟಿವೆ, ತಲೆಗೆ ಕುಟ್ಟಿಯಾವು."

"ನಿಮ್ಮ ತಲೆಗೆ ಕುಟ್ಟುವುದಿಲ್ವಾ?"

"ನನ್ನದು ಬೋಳು. ಅವಕ್ಕೂ ಸ್ವಲ್ಪ ಮರ್ಯಾದೆ ಉಂಟು."

ಅವನು ಕುರುಚಲು ಗಿಡಗಳ ಹಿಂದೆ ಮರೆಯಾದ. ಫೆಲ್ಸಿ ಸೈದುವಿನ ಕಡೆ ತಿರುಗಿದಳು. "ಅವರು ಅಲ್ಲಿ ಎಂತ ಮಾಡುವುದು ಸೈದು?"

ಸೈದು ಟೊಪ್ಪಿ ಮುಖದ ಮೇಲೆ ಎಳೆದುಕೊಂಡ. "ಅದು ಅವರಿಗೂ ಆಮೆಗೂ ಬಿಟ್ಟದ್ದು ಬಾಯಿ. ಬರುವಾಗ ಮುಖದಲ್ಲಿ ಹೊಟ್ಟೆ ತುಂಬಿದ ಕಳೆ ಇರ್ತದೆ. ನನಗೆ ಅಷ್ಟೇ ಗೊತ್ತು."

ಫೆಲ್ಸಿ ದೋಣಿಯಿಂದ ಹಾರಿದಳು. ಹಕ್ಕಿಗಳು ಕಿರುಚಿಕೊಂಡು ಎರಗಿದವು. ಪುಸ್ತಕವನ್ನು ತಲೆಗೆ ಹಿಡಿದು, ಮೊಟ್ಟೆ ತುಳಿಯದಂತೆ ಕುಪ್ಪಳಿಸುತ್ತ ಓಡಿದಳು. ಗಿಡದ ಆಚೆ ಒದ್ದೆ ಗೋಣಿಯ ಮೇಲೆ ಆಮೆ. ಪುರಂದರ ಬಾಟಲಿ ಬಗ್ಗಿಸಿ ಅದರ ಬೆನ್ನಿಗೆ ಎಣ್ಣೆ ಸುರಿಯುತ್ತಿದ್ದ. ಪಕ್ಕದಲ್ಲೇ ಆ ಬಟ್ಟೆ, ಬಿಚ್ಚಿದ ಕೆಂಪು ಪುಡಿಯ ಪೊಟ್ಟಣ.

"ಒಂಬತ್ತನ್ನೂ ತಿಂದಿರಾ ಪುರಂದರಣ್ಣ?" ಅವಳು ಕೂಗಿದಳು.

"ತಿನ್ನುವುದಾ? ಕೂರ್ಮಾವತಾರವನ್ನಾ?" ಪುರಂದರ ಎಣ್ಣೆಗೈಯಲ್ಲೇ ಎರಡೂ ಕೆನ್ನೆ ಬಡಿದುಕೊಂಡ. "ಎಂತ ಮಾತು ಆಡ್ತೀರಿ ಮಾರಾಯ್ರೆ! ನಮ್ಮಲ್ಲಿ ಬಲೆಗೆ ಆಮೆ ಬಂದರೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಕೈಮುಗಿದು ಕಡಲಿಗೆ ಬಿಡುವುದು. ಇಲ್ಲಿ ಎಲ್ಲರ ಎದುರು ಮಾಡಿದರೆ ನೀವು ನಗ್ತೀರಿ ಅಂತ ಈಚೆ ಬಂದೆ."

"ಮತ್ತೆ ಈ ಬಟ್ಟೆ?"

ಅವನು ತಲೆ ತಗ್ಗಿಸಿದ. "ನೀವು ಬರೆಯುವುದು ನಿಮ್ಮ ಕೆಲಸ, ನಾನು ಬೇಡ ಅನ್ನಲಿಲ್ಲ. ಆದರೆ ದೇವರ ಬೆನ್ನಿನ ಮೇಲೆ ಪೈಂಟ್ ಬಿಡ್ಲಿಕ್ಕೆ ಮನಸ್ಸು ಬರುವುದಿಲ್ಲ. ಹಸಿ ಇರುವಾಗಲೇ ಎಣ್ಣೆ ಹಾಕಿ ಒರೆಸಿಬಿಡ್ತೇನೆ. ಹೇಗೂ ನಿಮ್ಮ ಪುಸ್ತಕದಲ್ಲಿ ಉಂಟಲ್ಲ."

ಫೆಲ್ಸಿ ಮರಳಿನ ಮೇಲೆ ಕೂತಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಂಬರೇ ಇಲ್ಲದ ಮೇಲೆ ನಂಬರಿನ ಆಮೆ ಎಲ್ಲಿಂದ ಕಾಣಬೇಕು! ಯಾರೂ ಕೊಂದಿಲ್ಲ, ಯಾರೂ ತಿಂದಿಲ್ಲ. ನಾಳೆ ಮ್ಯಾನೇಜರರ ಮೇಜಿನ ಮೇಲೆ ವರದಿ ಇಡುವುದೊಂದೇ ಬಾಕಿ. ಬೇಸಿಗೆ ಮುಗಿಯುವುದರೊಳಗೆ ಈ ನೀರಿನಲ್ಲಿ ಸ್ಪೀಡ್‌ಬೋಟಿನ ಸದ್ದೇ ಇರುವುದಿಲ್ಲ.

"ಹಾಗಾದರೆ ನನ್ನ ಹತ್ತು ಆಮೆಗಳೂ ಇಲ್ಲೇ ಜೀವಂತ ಉಂಟು!" ಎಂದಳು.

ಆಮೆಯ ಹಣೆಗೆ ಕುಂಕುಮ ಇಡುತ್ತಿದ್ದ ಪುರಂದರನ ಬೆರಳು ಅಲ್ಲೇ ನಿಂತಿತು.

"ಯಾವ ಹತ್ತು ಫೆಲ್ಸಿಬಾಯಿ? ಪ್ರತಿ ವಾರ ಬರುವುದು ಇದೊಂದೇ ಅಲ್ವಾ? ನೀವು ನಂಬರು ಹಾಕುವುದು ಇದು ಎಷ್ಟನೇ ಸಲ ಬಂತು ಅಂತ ಅಲ್ವಾ?"